18-30 ಎಂದರೆ ಸಂಜೆ ಆರೂವರೆ ಅಲ್ಲ: ರಥಬೀದಿಯಲ್ಲಿ ಕೊಳ್ಳುವ ಪಂಚಾಂಗದ ವಿಮರ್ಶೆ

ಉಡುಪಿ ರಥಬೀದಿಯ ಅಂಗಡಿಗಳಲ್ಲಿ ಪಂಚಾಂಗ ಕೊಳ್ಳುವಾಗ ಹೊದಿಕೆ ನೋಡಿ ಪ್ರಯೋಜನವಿಲ್ಲ. ದೇವರ ಚಿತ್ರ ಎಲ್ಲದರಲ್ಲೂ ಇರುತ್ತದೆ. ಮುನ್ನುಡಿ ಓದಬೇಕು: ಲೆಕ್ಕ ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತದ ರೀತಿಯದೋ ('ಸಿದ್ಧಾಂತ'), ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ದೃಗ್ಗಣಿತವೋ ('ದೃಕ್')? ಓದದೆ ಕೊಂಡವರಿಗೆ ವರ್ಷದಲ್ಲಿ ಒಂದೆರಡು ಸಲವಾದರೂ ಪಕ್ಕದ ಮನೆಯ ಏಕಾದಶಿ ಬೇರೆ ದಿನ ಬಂದಿರುತ್ತದೆ.

ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಹೊತ್ತು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಚಂದ್ರನ ಓಟದ ಬಗ್ಗೆ. ಸಿದ್ಧಾಂತದಲ್ಲಿ ಅವನ ಮಧ್ಯಮ (ಸರಾಸರಿ) ಗತಿಗೆ ಒಂದೇ ತಿದ್ದುಪಡಿ, ಮಂದಫಲ. ಹೆಚ್ಚೆಂದರೆ 5 ಡಿಗ್ರಿ ಚಿಲ್ಲರೆ. ನಿಜವಾಗಿ ಅದು 6.29 ಡಿಗ್ರಿ, ಜೊತೆಗೆ ಸೂರ್ಯನ ಸೆಳೆತದಿಂದ 1.27 ಡಿಗ್ರಿಯ ಇನ್ನೊಂದು ಏರುಪೇರು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಎರಡನೆಯದು ಮೊದಲನೆಯದರಿಂದ ಕಳೆದುಹೋಗಿ 5.02 ಉಳಿಯುತ್ತದೆ. ಗ್ರಹಣಗಳನ್ನು ನೋಡಿ ಲೆಕ್ಕ ಹೊಂದಿಸಿದವರಿಗೆ ಸಿಕ್ಕಿದ್ದು ಈ ಸಂಖ್ಯೆಯೇ. ಅಷ್ಟಮಿಯ ಹೊತ್ತಿಗೆ ಎರಡೂ ಕೂಡಿ 7.56 ಆಗಬಹುದು. ಆಗ ಸಿದ್ಧಾಂತದ ಚಂದ್ರ ಎರಡೂವರೆ ಡಿಗ್ರಿ ತಪ್ಪಿರುತ್ತಾನೆ, ಗಡಿಯಾರದಲ್ಲಿ ಸುಮಾರು ಐದು ಗಂಟೆ. ಹುಣ್ಣಿಮೆ ಸರಿ ಬಂತೆಂದು ಪಂಚಾಂಗವನ್ನು ಪೂರ್ತಿ ನಂಬುವುದು ಇಲ್ಲಿಯೇ ಕೈಕೊಡುತ್ತದೆ.

ಮುನ್ನುಡಿ ಅಸ್ಪಷ್ಟವಾಗಿದ್ದರೆ ಅಂಗಡಿಯಲ್ಲೇ ಪರೀಕ್ಷಿಸಬಹುದು. ಸಿದ್ಧಾಂತದ ತಿಥಿ 'ಬಾಣವೃದ್ಧಿ ರಸಕ್ಷಯ': 60 ಗಳಿಗೆಗೆ (ಒಂದು ಗಳಿಗೆ 24 ನಿಮಿಷ) ಐದು ಕೂಡಿ 65ರವರೆಗೆ ಹಿಗ್ಗುತ್ತದೆ, ಆರು ಕಳೆದು 54ಕ್ಕೆ ಕುಗ್ಗುತ್ತದೆ. ದೃಕ್ಕಿನದು 'ಸಪ್ತವೃದ್ಧಿ ದಶಕ್ಷಯ', ಅಂದರೆ 67 ಮತ್ತು 50. ಎರಡು ಮೂರು ತಿಂಗಳ ಪುಟ ತಿರುವಿ, ಒಂದು ತಿಥಿ ಮುಗಿದದ್ದರಿಂದ ಮುಂದಿನದು ಮುಗಿಯುವವರೆಗೆ ಎಣಿಸಿ. ಎಲ್ಲಾದರೂ 54 ಗಳಿಗೆ, ಅಂದರೆ 21 ಗಂಟೆ 36 ನಿಮಿಷಕ್ಕಿಂತ ಸಾಕಷ್ಟು ಚಿಕ್ಕ ತಿಥಿ ಸಿಕ್ಕಿತೋ, ಅದು ದೃಕ್.

ದೃಕ್ ಎಂದರೆ ಇಂಗ್ಲಿಷರ ಲೆಕ್ಕ ಎಂದು ಮೂಗು ಮುರಿಯುವವರಿದ್ದಾರೆ. ಚಂದ್ರನಿಗೆ ಎರಡನೇ ತಿದ್ದುಪಡಿ ಕೊಟ್ಟ ಮುಂಜಾಲ 10ನೇ ಶತಮಾನದವನು. ಕೇರಳದ ಪರಮೇಶ್ವರ 'ದೃಗ್ಗಣಿತ' ಬರೆದದ್ದು 1431ರಲ್ಲಿ. ಆಕಾಶ ನೋಡಿ ಸೂತ್ರ ತಿದ್ದುವುದು ಇಲ್ಲಿಯದೇ ರೂಢಿ.

ಇನ್ನೊಂದು ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. ವ್ರತದ ಫಲ ಅದೃಷ್ಟ, ಕಣ್ಣಿಗೆ ಕಾಣುವಂಥದ್ದಲ್ಲ. ಆದ್ದರಿಂದ ತಿಥಿಯನ್ನು ಋಷಿಗಳು ಹೇಳಿದ ಲೆಕ್ಕದಲ್ಲೇ ತೆಗೆಯಬೇಕು, ಗ್ರಹಣ ಕಾಣುವಂಥದ್ದು, ಅದಕ್ಕೆ ದೃಕ್ ಇರಲಿ ಎನ್ನುತ್ತಾರೆ. ಹಾಗಾಗಿಯೇ ಕೆಲವು ಪಂಚಾಂಗಗಳಲ್ಲಿ ಒಂದೇ ಹೊದಿಕೆಯೊಳಗೆ ಎರಡು ಚಂದ್ರರಿರುತ್ತಾರೆ. (ಗ್ರಹಣ ತಪ್ಪಿದರೆ ಊರೆಲ್ಲ ನೋಡುತ್ತದೆ; ದಶಮಿ ತಪ್ಪಿದರೆ ನೋಡುವವರು ಯಾರು?) ಆದರೆ ಮಧ್ವಾಚಾರ್ಯರ ಊರಿನಲ್ಲಿ ಈ ವಾದ ಸಲೀಸಾಗಿ ನಿಲ್ಲುವುದಿಲ್ಲ. ಅವರ ಮತದಲ್ಲಿ ಪ್ರತ್ಯಕ್ಷ, ಅಂದರೆ ನೇರವಾಗಿ ಕಂಡದ್ದು, ಉಪಜೀವ್ಯ: ಆಗಮಕ್ಕೆ (ಶಾಸ್ತ್ರದ ಮಾತಿಗೆ) ಅದೇ ಆಧಾರ. ತಾನು ಆತುಕೊಂಡ ಪ್ರಮಾಣವನ್ನೇ ಆಗಮ ಅಲ್ಲಗಳೆಯಲಾಗದು. 1543ರಲ್ಲಿ, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಕೊಪರ್ನಿಕಸ್‌ನ ಗ್ರಂಥಕ್ಕೆ ಓಸಿಯಾಂಡರ್ ಹೆಸರು ಹಾಕದೆ ಸೇರಿಸಿದ ಮುನ್ನುಡಿಯೂ ಇದೇ ಜಗಳದ್ದು: ಊಹೆ ನಿಜವಾಗಿರಬೇಕಿಲ್ಲ, ಲೆಕ್ಕ ಹೊಂದಿದರೆ ಸಾಕು ಎಂದು. ಕ್ವಾಂಟಂ ಸಮೀಕರಣಗಳ ಅರ್ಥದ ಬಗ್ಗೆ ಭೌತವಿಜ್ಞಾನಿಗಳು ಇವತ್ತಿಗೂ ಹೀಗೆಯೇ ಎರಡು ಪಂಗಡ.

ನಮ್ಮ ಶಿಫಾರಸು ದೃಕ್ ಪಂಚಾಂಗ. ಮನೆಯ ಆಚರಣೆ ಮಠವನ್ನು ಅನುಸರಿಸುವುದಾದರೆ ಮಾತ್ರ ಆ ಮಠದ್ದೇ ಕೊಳ್ಳಿ, ಇಲ್ಲವಾದರೆ ಉಪವಾಸ ಒಬ್ಬಂಟಿಯಾಗಿ ಮಾಡಬೇಕಾಗುತ್ತದೆ.

ಓದುವಾಗ ಆಗುವ ತಪ್ಪುಗಳು ಬೇರೆ. 'ಅಷ್ಟಮಿ 18-30' ಎಂದಿದ್ದರೆ ಅದು ರೈಲ್ವೆ ಸಮಯವಲ್ಲ, ಸೂರ್ಯೋದಯದಿಂದ 18 ಗಳಿಗೆ 30 ವಿಘಳಿಗೆ. ಗಳಿಗೆಗೆ 24 ನಿಮಿಷದಂತೆ 7 ಗಂಟೆ 24 ನಿಮಿಷ, ಸೂರ್ಯೋದಯ 6.30ಕ್ಕಾದರೆ ಅಷ್ಟಮಿ ಮಧ್ಯಾಹ್ನ 1.54ಕ್ಕೇ ಮುಗಿಯಿತು. ಇನ್ನು ಅಯನಾಂಶ: ವಿಷುವದ ಬಿಂದುವಿನಿಂದ ಎಣಿಸಿದ ಸ್ಥಾನಕ್ಕೂ ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸಿದ ಸ್ಥಾನಕ್ಕೂ ಇರುವ ಅಂತರ. ತಿಥಿ ಸೂರ್ಯ, ಚಂದ್ರರ ಸ್ಥಾನಗಳ ವ್ಯತ್ಯಾಸವಾದ್ದರಿಂದ ಅಲ್ಲಿ ಅಯನಾಂಶ ಕಳೆದುಹೋಗುತ್ತದೆ. ನಕ್ಷತ್ರ, ಸಂಕ್ರಮಣಗಳಲ್ಲಿ ಉಳಿಯುತ್ತದೆ. ಯೋಗ ಎರಡರ ಮೊತ್ತವಾದ್ದರಿಂದ ಇಮ್ಮಡಿಯಾಗುತ್ತದೆ. ಬಿಸು, ಸೋಣ ಸಂಕ್ರಮಣ ನೋಡುವ ತುಳುನಾಡಿನವರು ಮುನ್ನುಡಿಯಲ್ಲಿ ಇದನ್ನೂ ಹುಡುಕಬೇಕು. ಒಂದು ನಕ್ಷತ್ರದ ಅಳತೆ 13 ಡಿಗ್ರಿ 20 ಕಲೆ, ಉಡುಪಿಯ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಬರೀ ಕಾಕತಾಳೀಯ, ನೆನಪಿಡಲು ಅನುಕೂಲ.

1957ರಿಂದ ಬರುತ್ತಿರುವ ಸರ್ಕಾರದ ರಾಷ್ಟ್ರೀಯ ಪಂಚಾಂಗದ ಗಣಿತ ಗಟ್ಟಿ, ಆದರೆ ಅದರ ಕೇಂದ್ರ ರೇಖಾಂಶ 82.5 ಡಿಗ್ರಿ, ಉಡುಪಿ ಅಲ್ಲಿಂದ 31 ನಿಮಿಷ ಹಿಂದೆ. ಫೋನಿನ ಆ್ಯಪ್‌ನಲ್ಲಿ ಊರು ಬೆಂಗಳೂರು ಎಂದೇ ಉಳಿದಿದ್ದರೆ ಸೂರ್ಯೋದಯ ಸುಮಾರು 11 ನಿಮಿಷ ಬೇಗ ತೋರಿಸುತ್ತದೆ, ಅರುಣೋದಯವೂ ಅಷ್ಟೇ ಬೇಗ. ಅರುಣೋದಯಕ್ಕೆ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮುಂಚೆ, ದಶಮಿ ತಾಗಿದೆಯೇ ಎಂದು ನೋಡುವ ಮನೆಯಲ್ಲಿ ಆ 11 ನಿಮಿಷಕ್ಕೆ ಏಕಾದಶಿಯೇ ಮರುದಿನಕ್ಕೆ ಹೋಗಬಹುದು.