1,380 ಗ್ರಾಂ ಕೂಸು, 34 ದಿನ: ವಿಜಯಪುರದ ಒಂದು ಎನ್‌ಐಸಿಯು ಹೇಗಿತ್ತು

ಜಮಖಂಡಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ದಿನಾ ತಾಮ್ರದ ತಂತಿ ತೂಗುತ್ತೇನೆ. ಹಾಗಾಗಿ ಡಾಕ್ಟರು "ಹೆಣ್ಣು ಕೂಸು, 1,380 ಗ್ರಾಂ" ಅಂದಾಗ ಅದು ಎಷ್ಟು ಹಗುರ ಅಂತ ನನ್ನ ಕೈಗೇ ಗೊತ್ತಾಯಿತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಹೆಂಡತಿಗೆ ಆಗ 31 ವಾರ. ಬಿಪಿ ಏರಿತ್ತು, ಮುಖ ಬಾತಿತ್ತು. ಜಮಖಂಡಿಯ ಡಾಕ್ಟರು ಕೂಸಿನ ಶ್ವಾಸಕೋಶ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಎನ್‌ಐಸಿಯು (ಎಳೆಗೂಸುಗಳ ತೀವ್ರ ನಿಗಾ ಘಟಕ) ಇರುವ ಕಡೆಯೇ ಹೆರಿಗೆ ಆಗಬೇಕು ಅಂತ ವಿಜಯಪುರಕ್ಕೆ ಕಳಿಸಿದರು. ಕೃಷ್ಣಾ ಹೊಳೆ ದಾಟುವಾಗ ನಮ್ಮವ್ವ ಆಂಬುಲೆನ್ಸ್ ಒಳಗಿಂದಲೇ ಕೈ ಮುಗಿದಳು. ಕೂಸು ಹೊಟ್ಟೆಯಲ್ಲಿದ್ದಾಗಲೇ ಕಳಿಸಿದ ಆ ಡಾಕ್ಟರ ಉಪಕಾರ ಮರೆಯುವಂಥದ್ದಲ್ಲ.

ವಿಜಯಪುರದ ಆ ಖಾಸಗಿ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಕೊರತೆಗಳನ್ನೂ ಹೇಳಬೇಕಿದೆ. ನಮ್ಮಂತೆ ದಿಢೀರ್ ಹೋಗಿ ಬಾಗಿಲಲ್ಲಿ ನಿಲ್ಲುವವರಿಗೆ ಏನು ಕೇಳಬೇಕು ಅಂತ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಮೂರು ದಿನ ಮೂಗಿಗೆ ಸಿಪ್ಯಾಪ್ (ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ), ಬಾಯಿಂದ ಹೊಟ್ಟೆಗೆ ಸಣ್ಣ ಪೈಪು. ಉಸಿರು ಮರೆಯಬಾರದು ಅಂತ ಕೆಫೀನ್ ಕೊಟ್ಟರು, ಚಹಾದಲ್ಲಿ ಇರುತ್ತದಲ್ಲ, ಅದೇ. ಕಾಲಿಗೆ ಕಟ್ಟಿದ ಪಟ್ಟಿಯಿಂದ ಆಕ್ಸಿಜನ್ ನಂಬರ್ ಮಾನಿಟರ್ ಮೇಲೆ ಬರುತ್ತಿತ್ತು. ಮೀಟರ್ ನೋಡಿ ಮೋಟರಿನ ಸ್ಥಿತಿ ಹೇಳುವವನು ನಾನು. ಕಣ್ಣು ಅದರ ಮೇಲಿಂದ ಕದಲುತ್ತಿರಲಿಲ್ಲ. ಅಲಾರಂ ಕೂಗಿದರೆ ಎದೆ ಬಾಯಿಗೆ ಬರುತ್ತಿತ್ತು. ರಾತ್ರಿ ಪಾಳಿಯ ಸಿಸ್ಟರ್ ಹೇಳಿದರು: "ಅಣ್ಣಾರ, ಮೊದಲ ಕೂಸಿನ್ನ ನೋಡ್ರಿ, ಆಮ್ಯಾಲೆ ಟಿವಿ ನೋಡ್ರಿ." ಬಣ್ಣ ಹೇಗಿದೆ, ಎದೆ ಆಡುತ್ತಿದೆಯಾ ಅಂತ ನೋಡುವುದನ್ನು ಕಲಿಸಿದರು. 100 ಬಂದರೆ ಒಳ್ಳೆಯದು ಅಂದುಕೊಂಡಿದ್ದೆ. ಹಾಗಲ್ಲವಂತೆ. ಆಕ್ಸಿಜನ್ ಕೊಡುತ್ತಿರುವಾಗ 90ರಿಂದ 95ರೊಳಗೆ ಇರಬೇಕು, ಜಾಸ್ತಿಯಾದರೆ ಕಣ್ಣಿಗೆ ಕೆಡುಕು. ಇದನ್ನು ನನ್ನಂಥವನಿಗೆ ನಿಂತು ವಿವರಿಸಿದರಲ್ಲ, ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಐದನೇ ದಿನ ಅದೇ ಸಿಸ್ಟರ್ ನನ್ನನ್ನು ಕರೆದರು. ಹೆಂಡತಿ ಇನ್ನೂ ಮೇಲಿನ ಮಹಡಿಯ ಐಸಿಯುನಲ್ಲಿದ್ದಳು. "ಅಂಗಿ ಗುಂಡಿ ಬಿಚ್ಚಿ ಕೂಡ್ರಿ. ತಾಯಿ ಬರೂತನಕ ನಿಮ್ಮ ಎದೀನ ಕೂಸಿಗೆ ಹಾಸಿಗಿ." ನನ್ನ ಉಗುರಿನ ಸಂದಿಯಲ್ಲಿ ವಾರ್ನಿಷ್ ಕಲೆ. ಉಗುರು ಕತ್ತರಿಸಿ, ಮೊಣಕೈವರೆಗೆ ತೊಳೆದು, ಮತ್ತೆ ತೊಳೆದು ಬಂದೆ. ಟೊಪ್ಪಿಗೆ, ಡೈಪರ್ ಬಿಟ್ಟರೆ ಬರಿಮೈಯ ಕೂಸನ್ನು ಎದೆಗೆ ಆನಿಸಿ, ಅವ್ವನ ಹಳೆಯ ಮೆತ್ತನೆ ಇಳಕಲ್ ಸೀರೆಯಿಂದ ಸುತ್ತಿ ಕಟ್ಟಿದರು. ಒಗೆದು, ಬಿಸಿಲಿಗೆ ಒಣಗಿಸಿ ತಂದ ಸೀರೆ. ಸ್ವಲ್ಪ ಹೊತ್ತಿಗೆ ಅವಳ ಉಸಿರು ಸಮ ಆಯಿತು. ನನ್ನದೂ. ಅವ್ವ ಮಾತ್ರ ಗಾಜಿನ ಆಚೆ ನಿಂತು ಗಾಬರಿಯಾಗಿದ್ದಳು. ಗಂಡಸು ಹೀಗೆ ಕೂಸು ಕಟ್ಟಿಕೊಂಡು ಕೂತಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದರಲ್ಲಿ ಶುರುವಾಯಿತಂತೆ. ದಿನಕ್ಕೆ 8 ಗಂಟೆಯಾದರೂ ಮಾಡಿ, ಎಷ್ಟು ಜಾಸ್ತಿಯಾದರೆ ಅಷ್ಟು ಒಳ್ಳೆಯದು ಅಂದರು. ಹೆಂಡತಿ ಎದ್ದು ಬಂದ ಮೇಲೆ ಹಗಲು ಅವಳು, ರಾತ್ರಿ ನಾನು. ಅಂಗಡಿಯನ್ನು ತಮ್ಮ ನೋಡಿಕೊಂಡ.

ಹಾಲಿನ ವಿಷಯದಲ್ಲೂ ಈ ಸಿಬ್ಬಂದಿ ಬಿಟ್ಟುಕೊಡಲಿಲ್ಲ. ಹೆಂಡತಿಗೆ ಕೈಯಿಂದ ಹಾಲು ಹಿಂಡುವುದನ್ನು ಕಲಿಸಿದರು. ಮೊದಲ ದಿನ ಬಂದದ್ದು ಕೆಲವೇ ಹನಿ. ಕುದಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿ ಮೆಟ್ಟಿಲು ಇಳಿಯುತ್ತಿದ್ದೆ, ಎರಡು ಗಂಟೆಗೊಮ್ಮೆ. 2 ಎಂಎಲ್‌ನಿಂದ ಶುರುವಾಗಿ ಒಳಲೆಯಲ್ಲಿ ಕುಡಿಯುವವರೆಗೆ ಬಂತು. ಮೊದಲ ವಾರ ತೂಕ 1,270ಕ್ಕೆ ಇಳಿದಾಗ ನಾನು ಅತ್ತಿದ್ದೇನೆ. ಎಲ್ಲ ಕೂಸುಗಳೂ ಮೊದಲು ಸ್ವಲ್ಪ ಇಳಿಯುತ್ತವೆ ಅಂತ ಯಾರಾದರೂ ಮುಂಚೆಯೇ ಹೇಳಬೇಕಿತ್ತು.

ಈಗ ಕೊರತೆ. ದಿನದ ಚಾರ್ಜ್ ಹೇಳಿದ್ದರು. ಶ್ವಾಸಕೋಶಕ್ಕೆ ಹಾಕುವ ಸರ್ಫ್ಯಾಕ್ಟೆಂಟ್ ಔಷಧ ಬೇರೆ, ದಿನದ ಚಾರ್ಜಿಗಿಂತ ದುಬಾರಿ ಅನ್ನುವುದು ಬಿಲ್ಲಿನಲ್ಲೇ ಗೊತ್ತಾದದ್ದು. ಔಷಧ ಬೇಕೇ ಇತ್ತು, ಕೊಡಬೇಡಿ ಅನ್ನುತ್ತಿರಲಿಲ್ಲ. ಹೇಳಿದ್ದರೆ ಮಧ್ಯರಾತ್ರಿ ಭಾವನಿಗೆ ಫೋನ್ ಮಾಡಿ ಸಾಲ ಕೇಳುವುದು ತಪ್ಪುತ್ತಿತ್ತು. ಮೊದಲ ದಿನವೇ "ಯಾವುದು ಸೇರಿದೆ, ಯಾವುದು ಬೇರೆ" ಅಂತ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತಲೂ ಆಗಲೇ ಕೇಳಿ.

ಅದಕ್ಕಿಂತ ದೊಡ್ಡದು, ತಾಯಂದಿರಿಗೆ ಮಲಗಲು ಜಾಗವೇ ಇಲ್ಲ. ಒಳಗೆ ಕೂಸಿಗೆ ಅಷ್ಟು ಜೋಪಾನ. ಹೊರಗೆ ಹೊಟ್ಟೆಯ ಹೊಲಿಗೆ ಇನ್ನೂ ಮಾಗದ ಬಾಣಂತಿಯರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಏಪ್ರಿಲ್ ಬಿಸಿಲಲ್ಲಿ, ಒಂದು ಫ್ಯಾನಿನ ಕೆಳಗೆ. ಎರಡು ಗಂಟೆಗೊಮ್ಮೆ ಎದ್ದು ಹಾಲು ಕೊಡಬೇಕಾದವರು ಅವರೇ ಅಲ್ವಾ?

28ನೇ ದಿನ ಕಣ್ಣಿನ ತಪಾಸಣೆ ಆಯಿತು. ಇದನ್ನು ಬಿಡಲೇಬೇಡಿ. ಬೇಗ ಹುಟ್ಟಿದ ಕೂಸಿನ ಕಣ್ಣಿನ ಹಿಂಭಾಗದ ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ, ಹೊರಗಿಂದ ನೋಡಿದರೆ ಏನೂ ತಿಳಿಯುವುದಿಲ್ಲ. 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು. ಬೇಗ ಮನೆಗೆ ಕಳಿಸಿದರೂ ತಾರೀಖು ಬರೆಸಿಕೊಂಡೇ ಹೊರಡಿ.

34ನೇ ದಿನ 1,840 ಗ್ರಾಂ ತೂಗಿ ಮನೆಗೆ ಬಂದಳು. ಹೊರಡುವಾಗ ಆಡಳಿತದವರಿಗೆ ಒಂದು ಪತ್ರ ಕೊಟ್ಟು ಬಂದೆ. ತಾಯಂದಿರಿಗೆ ಒಂದು ಕೋಣೆ, ಹತ್ತು ಮಂಚ, ನಾಲ್ಕು ಫ್ಯಾನ್ ಹಾಕಿಸಿ ಅಂತ. ಆ ಫ್ಯಾನುಗಳು ಯಾವಾಗ ಕೆಟ್ಟರೂ ನಾನೇ ಬಂದು ಸುತ್ತಿ ಕೊಡುತ್ತೇನೆ, ದುಡ್ಡು ಬೇಡ ಅಂತ ಕೆಳಗೆ ಅಂಗಡಿಯ ನಂಬರ್ ಬರೆದಿದ್ದೇನೆ.