ಬ್ಲೇಡಿನ ಲೀಡಿಂಗ್ ಎಡ್ಜ್‌ಗೆ ಪಾಲಿಯುರೆಥೇನ್ ಟೇಪು: ಎಲ್ಲಿ ಸೈ, ಎಲ್ಲಿ ಬೇಡ

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಊರವರು ‘ಫ್ಯಾನ್’ ಎನ್ನುವ ಗಾಳಿಯಂತ್ರಗಳಿಗೆ ಮುಂಗಾರೇ ಸುಗ್ಗಿ. ಬ್ಲೇಡಿನ ಲೀಡಿಂಗ್ ಎಡ್ಜ್, ಅಂದರೆ ತಿರುಗುವಾಗ ಗಾಳಿಯನ್ನು ಸೀಳುವ ಮುಂದಿನ ಅಂಚು, ಸವೆಯುವುದೂ ಅದೇ ತಿಂಗಳುಗಳಲ್ಲಿ. 50 ಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 15 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 280 ಕಿ.ಮೀ. ದಾಟುತ್ತದೆ. ಆ ವೇಗದಲ್ಲಿ ಮಳೆಹನಿ ಗಟ್ಟಿ ಮೈಗೆ ಬಡಿದ ಕ್ಷಣ ಹುಟ್ಟುವ ಒತ್ತಡ 100 ಮೆಗಾಪಾಸ್ಕಲ್‌ಗೂ ಮೇಲೆ. ಬ್ಲೇಡನ್ನು ಹಗುರ ಮಾಡುವ ಗ್ಲಾಸ್ ಫೈಬರ್, ಎಪಾಕ್ಸಿ, ಒಳಗಿನ ಬಾಲ್ಸಾ ಮರ ಅಥವಾ ಫೋಮು ಬಾಗಿದರೂ ಮುರಿಯುವುದಿಲ್ಲ, ಆದರೆ ಇಂಥ ಏಟನ್ನು ವರ್ಷಗಟ್ಟಲೆ ತಾಳುವುದೂ ಇಲ್ಲ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಸೂಜಿಮೊನೆಯಷ್ಟು ಕುಳಿ, ಕಡೆಗೆ ಫೈಬರ್ ಎಳೆಯೇ ಈಚೆ ಬರುತ್ತದೆ.

ಈ ಒರಟು ಮೈ ಗಾಳಿಯ ನಯವಾದ ಹರಿವನ್ನು ಲೀಡಿಂಗ್ ಎಡ್ಜ್‌ನಲ್ಲೇ ಕದಡುತ್ತದೆ. ಬ್ಲೇಡನ್ನು ತಡೆಯುವ ಎಳೆತ ಏರುತ್ತದೆ, ಅದನ್ನು ತಿರುಗಿಸುವ ಎತ್ತುಬಲ ಇಳಿಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಗಾಳಿಸುರಂಗ ಪರೀಕ್ಷೆಗಳ ಲೆಕ್ಕದಂತೆ ಎಳೆತ 80% ಹೆಚ್ಚಿದರೆ ವರ್ಷದ ವಿದ್ಯುತ್ತಿನಲ್ಲಿ ಸುಮಾರು 5% ಖೋತಾ. ಬರೀ ಮೂರನೇ ಒಂದು ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ (ಹಿಗ್ಗುವ ಪ್ಲಾಸ್ಟಿಕ್) ಟೇಪು ತನ್ನ ಬೆಲೆ ತೀರಿಸುವುದು ಇಲ್ಲಿ. ಹೆಲಿಕಾಪ್ಟರ್ ರೆಕ್ಕೆಗೆ ಮರಳಿನ ಏಟು ತಾಗದಿರಲೆಂದು ಬಂದ ಟೇಪಿನ ಸಂತತಿ ಇದು. 3ಎಂ ಕಂಪನಿಯದು ಹೆಚ್ಚು ಪರಿಚಿತ. ರಬ್ಬರಿನಂತೆ ಹಿಗ್ಗಿ ಏಟು ನುಂಗುತ್ತದೆ. ತುದಿಯ ಕಡೆಯ 15 ಮೀಟರಿಗೆ 20 ಸೆಂ.ಮೀ. ಅಗಲ ಅಂಟಿಸಿದರೂ ತೂಕ ಒಂದೂಕಾಲು ಕಿಲೋ ಆಸುಪಾಸು. ತೂಕ ಸಣ್ಣದಾದರೂ ಮೂರೂ ಬ್ಲೇಡಿಗೆ ಒಂದೇ ಉದ್ದ, ಒಂದೇ ಅಗಲ ಇರಲೇಬೇಕು. ತುದಿಯ ತೂಕದ ವ್ಯತ್ಯಾಸ ಮೂರೂ ಬ್ಲೇಡು ಸೇರಿ ತಿರುಗುವ ರೋಟರನ್ನು ನಡುಗಿಸುತ್ತದೆ.

ಟೇಪಿನ ಅಂಚೇ ಒಂದು ಮೆಟ್ಟಿಲು, ಗಾಳಿ ಅಲ್ಲಿ ಎಡವುತ್ತದೆ. ಸವೆದ ಮೈಯ ನಷ್ಟದ ಮುಂದೆ ಇದು ತೀರಾ ಕಡಿಮೆ, ಆದರೆ ಅಂಚು ಎದ್ದು ಪಟಪಟ ಬಡಿಯತೊಡಗಿದರೆ ಟೇಪು ಇಲ್ಲದಿದ್ದರೇ ವಾಸಿ. ಆದ್ದರಿಂದ ಟೇಪಿನ ಗುಣಕ್ಕಿಂತ ಅಂಟಿಸುವ ಕೈಗೆ ಹೆಚ್ಚು ಅಂಕ.

ಕೆಲಸ ಮಳೆ ಮುಗಿದು ಗಾಳಿ ಇಳಿದ ಮೇಲೆ, ಇಬ್ಬನಿ ಪೂರ್ತಿ ಆರಿದ ಹೊತ್ತಿನಲ್ಲಿ. ಮೊದಲು ಕೆಂಪು ದೂಳನ್ನು ಸೋಪುನೀರಿನಲ್ಲಿ ತೊಳೆಯಬೇಕು. ಕುಳಿಗೆ ಫಿಲ್ಲರ್ ತುಂಬಿ, ಒಣಗಿದ ಮೇಲೆ ಉಗುರು ಎಳೆದರೆ ತಡೆಯದಷ್ಟು ಸಮ ಉಜ್ಜಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ ಜಾಗವನ್ನು ಮತ್ತೆ ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಜಿಡ್ಡು ಸಾಕು ಅಂಟು ಬಿಡಲು. ನಡುಗೆರೆ ಹಾಕಿಕೊಂಡು, ನೀರಿಗೆ ಕಾಲುಭಾಗ ಆಲ್ಕೋಹಾಲ್ ಬೆರೆಸಿ ಸಿಂಪಡಿಸಿದರೆ ಟೇಪನ್ನು ಜರುಗಿಸಿ ಕೂರಿಸಬಹುದು. ಆಮೇಲೆ ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು, ಗಾಳಿ ಎರಡನ್ನೂ ತಳ್ಳಬೇಕು. ತುದಿಯ ತಿರುವಿನಲ್ಲಿ ಎಳೆದು ಕೂರಿಸುವುದೇ ಎಲ್ಲರೂ ಮಾಡುವ ತಪ್ಪು: ಹಿಗ್ಗಿದ ಟೇಪು ದಿನ ಕಳೆದಂತೆ ಹಿಂದಕ್ಕೆ ಸರಿದು ಅಂಚು ಎಬ್ಬಿಸುತ್ತದೆ. ಅಲ್ಲಿ ಕತ್ತರಿಸಿ ತುಂಡು ತುಂಡಾಗಿ ಹಾಕಿ.

ತುಂಡುಗಳ ಜೋಡಣೆ ಮಂಗಳೂರು ಹೆಂಚಿನಂತೆ. ತಿರುಗುವ ಬ್ಲೇಡಿನ ಮೇಲೆ ನೀರು ಬುಡದಿಂದ ತುದಿಗೆ ಹರಿಯುತ್ತದೆ, ಹಾಗಾಗಿ ತುದಿಯಿಂದ ಶುರುಮಾಡಿ, ಬುಡದ ಕಡೆಯ ತುಂಡು ಮೇಲೆ ಬರುವಂತೆ ಹೊದಿಸಬೇಕು. ಸಿಡಿಲನ್ನು ಹಿಡಿದು ನೆಲಕ್ಕಿಳಿಸುವ ಲೋಹದ ರಿಸೆಪ್ಟರ್ ಬಿಲ್ಲೆಯನ್ನೂ ನೀರು ಬಸಿಯುವ ತೂತನ್ನೂ ಮುಚ್ಚಲೇಬಾರದು. ಕೊನೆಗೆ ಟೇಪಿನ ಎಲ್ಲ ಅಂಚಿಗೂ ಎಡ್ಜ್ ಸೀಲರ್, ಅಂದರೆ ಅಂಚಿನ ಸಂದು ಮುಚ್ಚುವ ಲೇಪ.

ಹೊಸ ಬ್ಲೇಡು, ಬಣ್ಣವಷ್ಟೇ ಮಾಸಿದ ಬ್ಲೇಡು ಎರಡಕ್ಕೂ ಟೇಪು ಧಾರಾಳವಾಗಿ ಹಾಕಿಸಿ. ಫೈಬರ್ ಕಂಡಿದ್ದರೆ ಬೇಡ. ಮೊದಲು ಲ್ಯಾಮಿನೇಟ್ (ಫೈಬರ್, ಎಪಾಕ್ಸಿ ಪದರ) ರಿಪೇರಿ, ಅದರ ಮೇಲೆ ಎರಡು ಭಾಗ ಬೆರೆಸಿ ಬಳಿಯುವ ಪಾಲಿಯುರೆಥೇನ್ ಲೇಪ. ಅದನ್ನು ಅಂಚಿನ ಕಡೆ ತೆಳುವಾಗಿಸಬಹುದು, ಮೆಟ್ಟಿಲು ಉಳಿಯದು. ಆದರೆ ಗಟ್ಟಿಯಾಗಲು ಹೊತ್ತು ಬೇಕು, ಹಗ್ಗದಲ್ಲಿ ನೇತಾಡುತ್ತ ಒಂದೇ ದಪ್ಪಕ್ಕೆ ಬಳಿಯುವುದು ಸುಲಭವಲ್ಲ.

ಮೊದಲ ಮಳೆಗಾಲ ಕಳೆದ ಕೂಡಲೇ ಡ್ರೋನ್‌ನಿಂದಲೋ ಜೂಮ್ ಕ್ಯಾಮೆರಾದಿಂದಲೋ ನೋಡಿ. ಟವರಿನ ಕೆಳಗೆ ನಿಂತಾಗ ಒಂದು ಬ್ಲೇಡು ಮಾತ್ರ ಹಾಯುವಾಗಲೆಲ್ಲ ಸಿಳ್ಳೆ ಕೇಳಿದರೆ ಅಂಚು ಎದ್ದಿರಬಹುದು. ಎದ್ದಷ್ಟನ್ನು ಗಟ್ಟಿ ಹಿಡಿದ ಜಾಗದವರೆಗೆ ಕತ್ತರಿಸಿ ತೆಗೆದು, ಹೊಸ ತುಂಡು ಹಾಕಿ ಸೀಲ್ ಮಾಡಿಸಿ. ಸಡಿಲಾದದ್ದರ ಮೇಲೆಯೇ ಇನ್ನೊಂದು ಪದರ ಅಂಟಿಸಲು ಬಿಡಬೇಡಿ, ಎರಡೂ ಒಟ್ಟಿಗೆ ಕಿತ್ತುಹೋಗುತ್ತವೆ.