ಘಟ್ಟದ ತಿರುವುಗಳಿಗೆ ಯಾವ ಹ್ಯಾಂಡಲ್? ಮೂರನ್ನು ಹಾಕಿ ನೋಡಿದ ಅನುಭವ

ನನ್ನ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕಿನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಬಿರುಸಾಗಿ ಇಳಿಯುವಾಗಲೆಲ್ಲ ಒಂದು ಕೊರತೆ ಕಾಡುತ್ತಿತ್ತು. ಬೆನ್ನು ನೆಟ್ಟಗಾಗಿ ಕೈಗಳು ಎತ್ತರದಲ್ಲಿರುತ್ತಿದ್ದುದರಿಂದ, ಮುಂದಿನ ಚಕ್ರ ರಸ್ತೆಯನ್ನು ಎಷ್ಟರಮಟ್ಟಿಗೆ ಕಚ್ಚಿಕೊಂಡಿದೆ ಎಂಬುದು ಅಂಗೈಗೆ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಆ ಕಾರಣಕ್ಕೆ ಕಳೆದ ನವೆಂಬರಿನಿಂದ ಮೇ ತಿಂಗಳವರೆಗೆ, ಟೈರನ್ನೂ ಅದರ ಗಾಳಿಯ ಒತ್ತಡವನ್ನೂ ಬದಲಿಸದೆ, ಮೂಲ ಹ್ಯಾಂಡಲ್, ತಗ್ಗಿನ ನೇರ ಹ್ಯಾಂಡಲ್ ಮತ್ತು ಕ್ಲಿಪ್-ಆನ್ (ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ತುಂಡಾಗಿರುವ ಹ್ಯಾಂಡಲ್) ಎಂಬ ಮೂರನ್ನೂ ಒಂದೊಂದಾಗಿ ಹಾಕಿ ಓಡಿಸಿದೆ. ಸಂಪಾಜೆ ಘಟ್ಟ, ಮೂರ್ನಾಡು ಹಾಗೂ ಬೇತ್ರಿ ಸೇತುವೆಯ ಮೂಲಕ ವಿರಾಜಪೇಟೆಗೆ ಹೋಗುವ ದಾರಿ, ಭಾಗಮಂಡಲದಿಂದ ತಲಕಾವೇರಿಗೆ ಏರುವ 8 ಕಿಲೋಮೀಟರ್, ಈ ಮೂರು ನನ್ನ ಪರೀಕ್ಷೆಯ ಮುಖ್ಯ ರಸ್ತೆಗಳು.

ಮೂಲ ಹ್ಯಾಂಡಲಿನ ದೊಡ್ಡ ಗುಣ ಅದರ ಅಗಲ. ವೇಗದಲ್ಲಿರುವ ಬೈಕನ್ನು ಎಡಕ್ಕೆ ವಾಲಿಸಲು ಎಡಗೈಯ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಹ್ಯಾಂಡಲ್ ಅಗಲವಾಗಿದ್ದಷ್ಟೂ ಆ ಒತ್ತಡ ಕಡಿಮೆ ಸಾಕು. ಇನ್ನೂರು ಕಿಲೋ ದಾಟುವ ಗಾಡಿಯನ್ನು ಒಂದರ ಹಿಂದೊಂದು ಬರುವ ತಿರುವುಗಳಲ್ಲಿ ಆ ಕಡೆ ಈ ಕಡೆ ಹೊರಳಿಸುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಸವಾರನ ಭಾರವೆಲ್ಲ ಸೀಟಿನ ಮೇಲೇ ಕೂರುತ್ತದೆ. ತಲಕಾವೇರಿಯ ಏರಿನಲ್ಲಿ ತಿರುವು ಮುಗಿದು ಆಕ್ಸಿಲರೇಟರ್ ತಿರುಗಿಸಿದಾಗ ಮುಂಭಾಗ ಹಗುರಾದಂತೆನಿಸುತ್ತಿತ್ತು. ಎದೆಯನ್ನು ತಗ್ಗಿಸಿ, ಮೊಣಕೈ ಹೊರಚಾಚಿ ಕುಳಿತರೆ ಅದು ಸರಿಹೋಗುತ್ತಿತ್ತಾದರೂ, ಅರ್ಧ ಗಂಟೆಯೊಳಗೆ ಭುಜಗಳು ಸೋಲುತ್ತಿದ್ದವು.

ತಗ್ಗಿನ ಹ್ಯಾಂಡಲ್ ಕೂಡ 22 ಮಿಲಿಮೀಟರ್ ದಪ್ಪದ್ದೇ ಆದ್ದರಿಂದ ಹಳೆಯ ಕ್ಲ್ಯಾಂಪು, ಲಿವರು, ಸ್ವಿಚ್ಚುಗಳೆಲ್ಲ ಹಾಗೆಯೇ ಕೂತವು. ಸ್ವಿಚ್ಚಿನ ಒಳಗಿನ ಸಣ್ಣ ಗೂಟ ಕೂರಲು ಎರಡು ರಂಧ್ರಗಳನ್ನು ಕೊರೆಯಬೇಕಾಯಿತು, ಅಷ್ಟೇ. ಗೂಟವನ್ನೇ ಕತ್ತರಿಸಿಬಿಡುವ ಸುಲಭದ ದಾರಿಯನ್ನು ಯಾರೂ ಹಿಡಿಯಬಾರದು, ಏಕೆಂದರೆ ಆಕ್ಸಿಲರೇಟರಿನ ಕಡೆಯ ಸ್ವಿಚ್ಚಿನ ಗೂಡು ಹ್ಯಾಂಡಲಿನ ಮೇಲೆ ಜಾರಿ ತಿರುಗಿದರೆ ಅನಾಹುತ ಖಂಡಿತ. ಹ್ಯಾಂಡಲ್ ತಗ್ಗಿದ್ದರಿಂದ ಉದ್ದ ಹೆಚ್ಚಾಗಿ ಉಳಿದ ಕೇಬಲ್‌ಗಳನ್ನು ಹೆಡ್‌ಲೈಟಿನ ಹಿಂದೆ ಬೇರೆ ದಾರಿಯಲ್ಲಿ ಹಾಯಿಸಿದೆವು. ಇದಾದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಬದಿಯ ಕೊನೆಯವರೆಗೆ ತಿರುಗಿಸಿ ನೋಡಲೇಬೇಕು: ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದೇ ಅರ್ಥ. ನನ್ನದರಲ್ಲಿ ಬಲಕ್ಕೆ ತಿರುಗಿಸಿದಾಗ ಸದ್ದು ಏರಿತು. ಬಿಚ್ಚಿ ಮತ್ತೆ ಜೋಡಿಸಿದೆವು.

ಮೊದಲ ದಿನವೇ ವ್ಯತ್ಯಾಸ ತಿಳಿಯಿತು. ಸೊಂಟದಿಂದ ಸ್ವಲ್ಪವೇ ಮುಂದಕ್ಕೆ ಬಾಗಿದ್ದರಿಂದ ಮುಂದಿನ ಚಕ್ರದ ಮೇಲೆ ಭಾರ ಬಂತು. ಅಗಲ ಹೆಚ್ಚೇನೂ ಕುಗ್ಗದ ಕಾರಣ ಹೊರಳಿಸುವ ಸುಲಭವೂ ಉಳಿಯಿತು. ಕಾಫಿ ಕೊಯ್ಲಿನ ದಿನಗಳಲ್ಲಿ ಮೂರ್ನಾಡಿನ ಆಸುಪಾಸಿನಲ್ಲಿ ತೋಟದ ಗೇಟುಗಳಿಂದ ಹೊರಬರುವ ಟ್ರ್ಯಾಕ್ಟರುಗಳು ರಸ್ತೆಗೆ ಕೆಂಪು ಮಣ್ಣನ್ನು ಹರಡಿಬಿಡುತ್ತವೆ. ತಿರುವಿನ ನಡುವೆ ಅಂಥ ಮಣ್ಣು ಕಂಡು ಗಾಡಿಯ ದಾರಿಯನ್ನು ಒಂದು ಮೊಳ ಬದಲಿಸಬೇಕಾಗಿ ಬಂದಾಗ, ಈ ಹ್ಯಾಂಡಲ್ ಒಮ್ಮೆಯೂ ಕೈಕೊಡಲಿಲ್ಲ.

ಕ್ಲಿಪ್-ಆನ್ ಬಗ್ಗೆ ನನಗಿದ್ದ ಆಸೆ ದೊಡ್ಡದು. ಎರಡು ಪ್ರತ್ಯೇಕ ತುಂಡುಗಳು ಮುಂದಿನ ಚಕ್ರವನ್ನು ಹಿಡಿದಿರುವ 41 ಮಿಲಿಮೀಟರ್ ಫೋರ್ಕ್ ಕೊಳವೆಗಳನ್ನೇ ನೇರವಾಗಿ ಅಪ್ಪಿಕೊಳ್ಳುವುದರಿಂದ ರಸ್ತೆಯ ಪ್ರತಿ ಅದುರೂ ಕೈಗೆ ಬರುತ್ತದೆ. ಕುಶಾಲನಗರದಿಂದ ಸುಂಟಿಕೊಪ್ಪದ ಕಡೆಗೆ ಮುಂಜಾನೆ ಹೋದಾಗ, ಉದ್ದನೆಯ ವೇಗದ ತಿರುವುಗಳಲ್ಲಿ ಗಾಡಿ ಗೆರೆ ಎಳೆದಂತೆ ನಿಂತಿತು. ಆ ಸುಖವನ್ನು ಉಳಿದೆರಡೂ ಕೊಡಲಿಲ್ಲ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಅದೇ ವಾರ ಸಂಪಾಜೆ ಇಳಿದಾಗ ಜೋಡುಪಾಲ ತಲುಪುವಷ್ಟರಲ್ಲಿ ಮಣಿಕಟ್ಟುಗಳು ಉರಿಯತೊಡಗಿದವು. ಬ್ರೇಕ್ ಹಿಡಿದಾಗಲೆಲ್ಲ ಮೈಭಾರ ಪೂರ್ತಿ ಅಂಗೈಗೆ ಇಳಿಯುತ್ತದೆ. ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿಕೊಂಡು ತಡೆಯೋಣವೆಂದರೆ ಇಂಟರ್‌ಸೆಪ್ಟರಿನ ಫುಟ್‌ರೆಸ್ಟ್ ಮುಂದಿದೆ. ಇದೇ ಎಂಜಿನ್ನಿನ ಕಾಂಟಿನೆಂಟಲ್ ಜಿಟಿ 650ಕ್ಕೆ ಕಾರ್ಖಾನೆಯಿಂದಲೇ ಕ್ಲಿಪ್-ಆನ್ ಬರುತ್ತದೆ, ಆದರೆ ಅದರ ಫುಟ್‌ರೆಸ್ಟ್ ಹಿಂದಕ್ಕಿರುವುದರಿಂದ ಕಾಲು, ಸೊಂಟ, ಕೈ ಮೂರೂ ಹೊಂದಿಕೊಳ್ಳುತ್ತವೆ. ನಾನು ಕೈಯನ್ನು ಮಾತ್ರ ಬದಲಿಸಿ ಕಾಲನ್ನು ಇದ್ದಲ್ಲೇ ಬಿಟ್ಟಿದ್ದೆ. ಹಿಂದೆ ಹೆಂಡತಿ ಕುಳಿತ ದಿನ ಅವಳ ಭಾರವೂ ಇಳಿಜಾರಿನಲ್ಲಿ ನನ್ನ ಬೆನ್ನಿಗೇ ಬಂತು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಟ್ಯಾಂಕಿಗೆ ಬೆರಳು ಸಿಕ್ಕಿಕೊಳ್ಳದಂತೆ ಹ್ಯಾಂಡಲ್ ತಿರುಗುವ ಮಿತಿಯನ್ನು ಎರಡೂ ಬದಿಯಲ್ಲಿ ಸ್ವಲ್ಪ ಕಡಿಮೆ ಮಾಡಿಸಿದ್ದೆ. ಒಂದು ಸಂಜೆ ತಿತಿಮತಿಯ ಬಳಿ ರಸ್ತೆಯಂಚಿನ ಬಿದಿರಿನಲ್ಲಿ ಆನೆ ನಿಂತಿರುವುದು ಕಂಡು ಗಾಡಿ ಹಿಂತಿರುಗಿಸಲು ಹೋದರೆ, ಒಂದೇ ಸುತ್ತಿನಲ್ಲಿ ಆಗುವ ಕೆಲಸಕ್ಕೆ ಮೂರು ಬಾರಿ ಹಿಂದೆ ಮುಂದೆ ತಳ್ಳಬೇಕಾಯಿತು. ಆನೆ ಅಲುಗಲಿಲ್ಲ, ನನ್ನ ಕೈ ಮಾತ್ರ ಮನೆ ತಲುಪುವವರೆಗೂ ನಡುಗುತ್ತಿತ್ತು. ಸಂಜೆಯ ಹೊತ್ತು ಈ ರಸ್ತೆಗಳಲ್ಲಿ ಓಡಾಡುವವರು ಕ್ಲಿಪ್-ಆನ್ ಕೊಳ್ಳುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದ್ದರಿಂದ ನನ್ನ ಗಾಡಿಯಲ್ಲಿ ಈಗ ಇರುವುದು ತಗ್ಗಿನ ಹ್ಯಾಂಡಲ್. ಅದನ್ನು ನನ್ನ ಕಡೆಗೆ ತುಸು ತಿರುಗಿಸಿ, ಮುಂಗೈ ಮತ್ತು ಬೆರಳು ಒಂದೇ ರೇಖೆಯಲ್ಲಿರುವಂತೆ ಲಿವರ್‌ಗಳನ್ನು ಕೆಳಗೆ ಬಾಗಿಸಿಕೊಂಡಿದ್ದೇನೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಮುಂದೆ ತಕರಾರು ಬರದಿರಲೆಂದು ಬದಲಾವಣೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿದ್ದೇನೆ. ಮೂಲ ಹ್ಯಾಂಡಲನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಜೂನ್ ಬಂದೊಡನೆ ಅದೇ ಮತ್ತೆ ಗಾಡಿಗೆ ಏರುತ್ತದೆ, ಏಕೆಂದರೆ ಮಡಿಕೇರಿಯ ಮಂಜಿನಲ್ಲಿ ರೇನ್‌ಕೋಟ್ ತೊಟ್ಟು ಬಿರುಸಾಗಿ ಓಡಿಸುವ ಪ್ರಶ್ನೆಯೇ ಇಲ್ಲ, ತಲೆ ಎತ್ತಿ ದೂರ ನೋಡುವುದೇ ಆಗ ಮುಖ್ಯ.